ಬಲಗಲ್ಲದ ಗಡ್ಡದಾಗ ಬಿಲ್ಲಿಯಷ್ಟು ಬೋಳು ಬಿದ್ದದ. ತೆಗೀಲೋ, ಇಟ್ಕೊಳ್ಲೋ?

ಭೀಮಾದಂಡಿ (ಕಲಬುರಗಿ)

ಎಲ್ಲರಿಗೂ ಶರಣ್ರೀ. ಜರಾ ಉದ್ದ ಬರದೀನಿ, ಪೂರ್ತಿ ಓದಿ ತಿಳಿದವರು ಹೇಳ್ರಿ.

ನನಗ 29 ವರ್ಷ. ಊರು ಅಫಜಲಪುರ ತಾಲೂಕಿನಾಗ, ಭೀಮಾ ಹೊಳಿ ದಂಡಿಗೆ. ಕೆಲಸ ಕಲಬುರಗಿಯ ಒಂದು ದಾಲ್ ಮಿಲ್ಲಿನಾಗ. ತೊಗರಿ ಚೀಲ ಲಾರಿಯಿಂದ ಇಳಿದು ಜರಡಿಗೆ ಹೋಗೋತನಕ ತೂಕ, ಲೆಕ್ಕ ಎಲ್ಲಾ ನನ್ನ ಕಡೆ. ಗಡ್ಡ ಬಿಟ್ಟು ಈ ಶಿವರಾತ್ರಿಗೆ ಒಂದು ವರ್ಷ ತುಂಬ್ತದ.

ಯಾಕ ಬಿಟ್ಟೆ ಅನ್ನೋದು ಹೇಳದಿದ್ರ ನನ್ನ ಪ್ರಶ್ನಿ ತಿಳಿಯಂಗಿಲ್ಲ. ನಮ್ಮಪ್ಪ ಪ್ರತಿ ವರ್ಷ ಶಿವರಾತ್ರಿ ಮುಂಚಿನ ದಿನ ದಾಡಿ ಮಾಡಿಸ್ಕೊಂಡ್ರ, ಯುಗಾದಿಗೆ ಶ್ರೀಶೈಲ ಮುಟ್ಟಿ ತಿರುಗಿ ಬರೋತನಕ ಮುಖಕ್ಕ ಕತ್ತಿ ತಾಗಸ್ತಿದ್ದಿಲ್ಲ. ಊರ ಮಂದಿ ಜೋಡಿ ನಡಕೋತ ಹೋಗ್ತಿದ್ದ. ಬಂದಾಗ ಗಡ್ಡದಾಗ ವಿಭೂತಿ ವಾಸನಿ, ದಾರಿ ದೂಳಿನ ವಾಸನಿ ಎರಡೂ ಕೂಡೇ ಇರ್ತಿತ್ತು. ನಾ ಸಣ್ಣಾಂವ ಇದ್ದಾಗ ಆ ಗಡ್ಡ ನನ್ನ ಗಲ್ಲಕ್ಕ ತಿಕ್ಕಿ ನಗಸ್ತಿದ್ದ. ಮರುದಿನ ಮನಿ ಮುಂದಿನ ಬೇವಿನ ಗಿಡದ ಕೆಳಗ ಕೂತು ತೆಗಿಸಿಬಿಡ್ತಿದ್ದ. ಅವಾಗ ನಾ ಅಳತಿದ್ದೆ ಅಂತ ಅವ್ವ ಇವತ್ತಿಗೂ ಹೇಳ್ತಾಳ.

ಅಪ್ಪ ತೀರಿ ಎರಡು ವರ್ಷ ಆತು. ಹೋದ ವರ್ಷ ಅವನ ಜಾಗಾದಾಗ ನಾ ನಡದೆ. ತಿರುಗಿ ಬಂದು, ತೆಗಿಸಬೇಕಂತ ದುಕಾನಕ್ಕ ಹೋಗಿ ಕುರ್ಚಿ ಮ್ಯಾಲ ಕೂತೆ. ಕನ್ನಡಿ ನೋಡಿದೆ. ಗದ್ದದ ಎಡಕ್ಕ ಕೂದಲದ ಒಂದು ಸುಳಿ. ಎತ್ತಿನ ಹಣಿ ಮ್ಯಾಲ ಇರ್ತದಲ್ಲ, ಹಂಗ. ಅಪ್ಪಗೂ ಅದೇ ಜಾಗಾದಾಗ ಸುಳಿ ಇತ್ತು, ಅದೇ ಕಡೆ ತಿರುಗಿದ್ದು. ನಾ ವಾರಕ್ಕ ಎರಡು ಸಲ ಬೋಳಿಸ್ತಿದ್ದೆ, ಅದಕ್ಕ ನನಗೂ ಅದು ಅದ ಅಂತ ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಎದ್ದು ಬಂದುಬಿಟ್ಟೆ. ಅವತ್ತಿನಿಂದ ತೆಗದಿಲ್ಲ.

ಈಗ ತೊಂದರಿ ಹೇಳ್ತೀನಿ. ಎಳ್ಳಮಾಸಿ ದಿನ ಹೊಲದಾಗ ಊಟಕ್ಕ ಕೂತಿದ್ವಿ. ಭಜ್ಜಿ ನೀಡ್ಲಾಕ ಬಗ್ಗಿದ ತಂಗಿ, ‘ಅಣ್ಣಾ, ಇಲ್ಲೇನಾಗೇದ?’ ಅಂತ ನನ್ನ ಬಲಗಲ್ಲ ಮುಟ್ಟಿದಳು. ಒಂದು ರೂಪಾಯಿ ಬಿಲ್ಲಿಯಷ್ಟು ದುಂಡಗ ಬೋಳಾಗಿತ್ತು. ಈಗ ಒಂದೂವರಿ ತಿಂಗಳಿಗೆ ಹತ್ತು ರೂಪಾಯಿ ಬಿಲ್ಲಿಯಷ್ಟು ಆಗೇದ. ತುರಿಸಂಗಿಲ್ಲ, ನೋಯಂಗಿಲ್ಲ, ಹೊಟ್ಟು ಉದರಂಗಿಲ್ಲ. ಕೈ ಆಡಿಸಿದ್ರ ಸಣ್ಣ ಹುಡುಗರ ಗಲ್ಲದಂಗ ನುಣ್ಣಗ ಹತ್ತತದ.

ಆಯಿ ‘ಹುಳ ತಿಂದದ, ಗುಲಗಂಜಿ ತೇಯ್ದು ಹಚ್ಚು’ ಅಂತಾಳ. ಮಗ್ಗಲ ಮನಿ ಸೊಸಿ ಸೊಲ್ಲಾಪುರದಾಕಿ, ‘ಇದು ಚಾಯಿ’ ಅಂದಳು. ಮಿಲ್ಲಿನಾಗ ಜೋಡಿ ಇರೋ ದೋಸ್ತ ‘ಬಾಲ್‌ಖೋರಾ’ ಅಂದ. ಔಷಧಿ ಅಂಗಡಿಯವರು ನೋಡಿ ಒಂದು ಟ್ಯೂಬ್ ಕೊಟ್ಟರು. ಆರು ದಿನ ಹಚ್ಚಿದೆ, ಗಲ್ಲ ಕೆಂಪಾತು, ಬಿಟ್ಟೆ.

ತಂಗಿ ಲಗ್ನ ಬಸವ ಜಯಂತಿ ದಿನ ಅದ. ಸೋದರಮಾವ ದಿನಾ ಫೋನ್ ಮಾಡಿ, ‘ಬೀಗರು ಬರೋದ್ರೊಳಗ ಆ ಗಡ್ಡ ತೆಗಿ, ರೋಗ ಇದ್ದಾಂವ ಅಂತಾರ’ ಅಂತಾನ. ತಂಗಿ ‘ತೆಗದ್ರ ನಾ ಮಾತಾಡಂಗಿಲ್ಲ’ ಅಂತಾಳ. ಅವ್ವ ಏನೂ ಹೇಳಂಗಿಲ್ಲ. ರೊಟ್ಟಿ ಬಡಿಯೋವಾಗ ನಡುನಡುವ ನನ್ನ ಮುಖ ನೋಡ್ತಾಳ, ಮತ್ತ ಹಿಟ್ಟಿನ ಕಡೆ ನೋಡ್ತಾಳ.

ಇದು ಮಂದಿಗೆ ಅಂಟೋ ರೋಗ ಏನ್ರಿ? ಲಗ್ನದ ಮನಿಯಾಗ ಸಣ್ಣ ಹುಡುಗರು ಇರ್ತಾರ, ಅದೇ ಚಿಂತಿ. ಗಡ್ಡ ಪೂರ್ತಿ ತೆಗದ್ರ ಲಗೂನ ವಾಸಿ ಆಗ್ತದೇನು? ಇನ್ನ ತೊಗರಿ ದೂಳು, ಬೋರಿನ ಸೌಳ ನೀರು, ಮುಂದ ಬರೋ ಬ್ಯಾಸಗಿ, ಇವುಗಳ ನಡುವ ಗಡ್ಡ ಚಂದಾಗಿ ಇಟ್ಕೊಳ್ಳೋದು ಹ್ಯಾಂಗ?

---

ಕತ್ತರಿ ಕಾಯಕ (ಶಹಾಬಜಾರ, ಕಲಬುರಗಿ)

ತಮ್ಮಾ, ನಾ ಶಹಾಬಜಾರ ಕಡೆ ಕಟಿಂಗ್ ದುಕಾನ ಇಟ್ಟಾಂವ. ಕುರ್ಚಿ ಹಿಂದ ನಿಂತು 31 ವರ್ಷ ಆತು. ನಮ್ಮ ಮುತ್ಯಾ ಮನಿಮನಿಗೆ ಹೋಗಿ ಕ್ಷೌರ ಮಾಡ್ತಿದ್ದ, ಸುಗ್ಗಿಯಾಗ ಕಣಕ್ಕ ಹೋಗಿ ಜ್ವಾಳದ ಆಯ ತರ್ತಿದ್ದ. ಕತ್ತಿ, ಕತ್ತರಿ, ಹಣಿಗಿ ಇಡೋ ಅವನ ಚೀಲಕ್ಕ ಹಡಪ ಅಂತಿದ್ವಿ. ಕಲ್ಯಾಣದಾಗ ಬಸವಣ್ಣನ ಬಲಗೈಯಾಗಿದ್ದ ಹಡಪದ ಅಪ್ಪಣ್ಣನ ಹೆಸರು ಹೇಳಿಕೊಂಡು ಬದುಕೋ ಮಂದಿ ನಾವು. ನನಗ ತಿಳಿದಷ್ಟೇ ಹೇಳ್ತೀನಿ.

ನಿನ್ನಂಥ ಬೋಳು ನಾ ಭಾಳ ಮಂದಿ ಮುಖದ ಮ್ಯಾಲ ನೋಡೀನಿ. ಒಂದು ನುಣ್ಣಗ ಇರ್ತದ. ಇನ್ನೊಂದಕ್ಕ ಅಂಚು ಕೆಂಪಗ ಉಬ್ಬಿ ಹೊಟ್ಟು ಏಳ್ತದ, ಕೂದಲ ಅರ್ಧಕ್ಕ ಮುರದಿರ್ತಾವ. ಆ ಎರಡನೇದು ಕಂಡ್ರ ನಾ ಕತ್ತಿ ಮುಟ್ಟಸಂಗಿಲ್ಲ, ಮೊದಲು ದವಾಖಾನಿಗೆ ಹೋಗು ಅಂತ ಕಳಸ್ತೀನಿ. ನಿಂದು ಮೊದಲನೇದು ಅನಸ್ತದ. ಖರೇ ಹೇಳೋರು ಡಾಕ್ಟರ.

ಗುಲಗಂಜಿ ಮಾತ್ರ ಹಚ್ಚಬ್ಯಾಡ. ಆಯಿಗೆ ಬ್ಯಾಸರ ಆಗದಂಗ ಹೇಳು. ಹಚ್ಚಿಕೊಂಡು ಗಲ್ಲ ಸುಟ್ಟಂಗ ಗುಳ್ಳಿ ಎಬ್ಬಿಸ್ಕೊಂಡು ಬಂದ ಹುಡುಗನ್ನ ಇದೇ ಕುರ್ಚಿ ಮ್ಯಾಲ ನೋಡೀನಿ. ಬೀಜ ಸ್ವತಃ ವಿಷ ಅದ.

ಈಗ ನನ್ನ ಕೆಲಸದ ಮಾತು. ಪೂರ್ತಿ ತೆಗಿಯೋದೇನೂ ಬೇಕಾಗಿಲ್ಲ. ಕೆನ್ನಿ ಮ್ಯಾಲಿನ ಉದ್ದ ಕೂದಲ ಕೆಳಗ ಎಳದು ಬೋಳು ಮುಚ್ಚೋದೂ ಬ್ಯಾಡ. ಗಾಳಿ ಬಂದ್ರ ಸರೀತದ, ಸರಿದಾಗ ಮಂದಿ ಕಣ್ಣು ಅಲ್ಲೇ ಹೋಗ್ತದ. ಸುತ್ತಿನ ಕೂದಲ ಉದ್ದ ಇದ್ದಷ್ಟೂ ಬೋಳು ಬಾವಿಯಂಗ ಕಾಣ್ತದ. ಅದಕ್ಕ ಎರಡೂ ಗಲ್ಲ ಸಣ್ಣ ಮಾಡಬೇಕು, ಕಿವಿ ಕಡೀಂದ ಇಳಕೋತ ಬಂದಂಗ ಉದ್ದ ಬಿಡಬೇಕು, ಗದ್ದಕ್ಕ ಬಂದಾಗ ಪೂರ್ತಿ ಉದ್ದ ಇರಬೇಕು. ಮುಖ ನೋಡಿದವರ ಕಣ್ಣು ಗದ್ದಕ್ಕ ಹೋಗ್ತದ. ಅಪ್ಪನ ಸುಳಿ ಇರೋದೂ ಅಲ್ಲೇ ಅಂದಿ. ಅದನ್ನ ನಾ ಮುಟ್ಟಂಗಿಲ್ಲ.

ಕುತ್ತಿಗಿ ಗೆರಿ ಬಗ್ಗೆ ಒಂದು ಮಾತು. ಹುಡುಗರು ಮನಿಯಾಗ ಟ್ರಿಮ್ಮರ್ ಹಿಡದು ಗೆರೀನ ದವಡಿ ಎಲುಬಿನತನಕ ಏರಿಸಿಬಿಡ್ತಾರ. ಬಾಯಿ ಮುಚ್ಚಿದಾಗ ಚಂದ ಕಾಣ್ತದ, ತಲಿ ಎತ್ತಿ ನಕ್ಕಾಗ ಗದ್ದದ ಕೆಳಗ ಬರೀ ತೊಗಲು. ಗಂಟಲ ಗಂಟಿನ ಮ್ಯಾಲ ಎರಡು ಬೆರಳು ಇಡು. ಅಲ್ಲಿಂದ ಎರಡೂ ಕಿವಿ ಹಿಂದಕ್ಕ ಬಾಗಿದ ಗೆರಿ ಎಳಿ. ಅದರ ಕೆಳಗಿಂದು ತೆಗಿ, ಮ್ಯಾಲಿಂದು ಬಿಡು. ಕತ್ತರಸೋದು ಯಾವಾಗೂ ಒಣಾ ಕೂದಲ. ಹಸಿ ಕೂದಲ ಉದ್ದ ಕಾಣ್ತದ, ಒಣಗಿದ ಮ್ಯಾಲ ಗಿಡ್ಡ ಆಗ್ತದ, ಆಮ್ಯಾಲ ಪಶ್ಚಾತ್ತಾಪ. ಗಡ್ಡ ತಿಂಗಳಿಗೆ ಹೆಚ್ಚು ಕಡಿಮಿ ಒಂದು ಸೆಂಟಿಮೀಟರ್ ಬೆಳೀತದ. ತಪ್ಪು ಕತ್ತರಿಸಿದ ಎರಡು ಸೆಂಟಿಮೀಟರ್ ತಿರುಗಿ ಬರಬೇಕಂದ್ರ ಎರಡು ತಿಂಗಳು ಕಾಯಬೇಕು. ನಿನ್ನ ಲಗ್ನದ ಮನಿಗೆ ಅಷ್ಟು ಸವಡಿ ಇಲ್ಲ.

ನಮ್ಮೂರಾಗ ಗಡ್ಡಕ್ಕ ಏನೂ ಕಡಿಮಿ ಮರ್ಯಾದಿ ಇಲ್ಲ. ಖಾಜಾ ಬಂದೇನವಾಜರಿಗೆ ‘ಗೇಸೂ ದರಾಜ್’ ಅಂತಾರ, ಉದ್ದನ ಕೂದಲದವರು ಅಂತ ಅರ್ಥ. ಉರುಸಿನ ಮುಂಚಿನ ದಿನ ನನ್ನ ದುಕಾನದಾಗ ಮುಸಲ್ಮಾನ ಹಿರಿಯರು ಸಾಲು ಹಚ್ಚಿರ್ತಾರ. ಗದ್ದದ ಕೆಳಗ ಮುಷ್ಟಿ ಹಿಡೀತಾರ, ಮುಷ್ಟಿಯಿಂದ ಕೆಳಗ ಬಂದದ್ದು ಮಾತ್ರ ನಾ ಕತ್ತರಸ್ತೀನಿ. ಒಂದು ಕೂದಲ ಒಳಗ ಹೋಗಂಗಿಲ್ಲ. ಅಯ್ಯಪ್ಪನ ಮಾಲಿ ಹಾಕಿದವರು 41 ದಿನ ಕಳದು ಬಂದು ಕೂತಾಗ ಅವರ ಮುಖಾನೇ ಬ್ಯಾರೆ ಇರ್ತದ. ಶ್ರಾವಣ ಪೂರಾ ನನಗ ಅರ್ಧ ಗಿರಾಕಿ. ಗಡ್ಡ ಬಿಡೋದು ಅಂದ್ರ ಮುಖ ಬಿಟ್ಟುಬಿಡೋದಲ್ಲ, ಇದನ್ನ ನಾ ದಿನಾ ಕೈಯಾಗ ಹಿಡದು ನೋಡಾಂವ.

ಎಲ್ಲೇ ಹೋದ್ರೂ ಮೂರು ಮಾತು ನೆನಪಿಡು. ಬ್ಲೇಡ್ ನಿನ್ನ ಕಣ್ಣ ಮುಂದ ಹೊಸಾದು ಮುರೀಬೇಕು. ಹಣಿಗಿ ನಿಂದೇ ಒಯ್ಯಿ. ಫಟಕಡಿ ಕಲ್ಲು ಎಲ್ಲರ ಮುಖಕ್ಕ ತಿಕ್ಕಿದ್ದನ್ನೇ ನಿನಗೂ ತಿಕ್ಕಲಾಕ ಬಂದ್ರ ಬ್ಯಾಡ ಅನ್ನು. ರಕ್ತದಿಂದ ಹರಡೋ ಕಾಮಾಲಿಗೆ ಹರದ ಗಲ್ಲ ಒಂದು ಸಾಕು.

ಎಣ್ಣಿ ಹಚ್ಚು. ಕೊಬ್ಬರಿ ಎಣ್ಣಿ ನಾಕು ಹನಿ.

---

ಸಿಸ್ಟರ್ ಯಾದಗಿರಿ

ಅಣ್ಣಾ, ನಾನು ಒಂಬತ್ತು ವರ್ಷ ಚರ್ಮರೋಗದ ಓಪಿಡಿಯಲ್ಲಿ ನರ್ಸ್ ಆಗಿ ಕೆಲಸ ಮಾಡಿದ್ದೀನಿ. ಫೋಟೊ ನೋಡದೆ, ಮುಟ್ಟದೆ ಇದೇ ರೋಗ ಅಂತ ಹೇಳೋದು ತಪ್ಪು. ಆದರೆ ನೀವು ಬರೆದಿದ್ದು ನೋಡಿದರೆ ಹೆಚ್ಚಾಗಿ ಅಲೋಪೇಸಿಯಾ ಏರಿಯೇಟಾ ಅನ್ನಿಸುತ್ತೆ. ಆಯುರ್ವೇದದವರು ಇಂದ್ರಲುಪ್ತ ಅಂತಾರೆ. ನಿಮ್ಮ ಸೊಲ್ಲಾಪುರದ ಸೊಸೆ ಹೇಳಿದ ಚಾಯಿ, ನಿಮ್ಮ ದೋಸ್ತ ಹೇಳಿದ ಬಾಲ್‌ಖೋರಾ ಕೂಡ ಇದಕ್ಕೇ ಇರೋ ಹೆಸರು.

ಹುಳ ಎಲ್ಲೂ ಇಲ್ಲ. ಮೈಯೊಳಗಿನ ಕಾವಲಿನ ರಕ್ತಕಣಗಳು ಕೂದಲಿನ ಬೇರನ್ನೇ ಹೊರಗಿನದು ಅಂತ ತಿಳಿದು ಅದರ ಸುತ್ತ ಮುತ್ತಿಕೊಳ್ಳುತ್ತವೆ. ಕೂದಲು ಉದುರುತ್ತೆ, ಬೇರು ಸಾಯೋದಿಲ್ಲ. ಅದಕ್ಕೇ ತೊಗಲು ಅಷ್ಟು ನುಣುಪು. ಒಂದೆರಡು ಸಣ್ಣ ಜಾಗ ಇದ್ದವರಲ್ಲಿ ಬಹಳ ಮಂದಿಗೆ ವರ್ಷದೊಳಗೆ ತಾನಾಗಿ ತಿರುಗಿ ಬರೋದನ್ನು ನೋಡಿದ್ದೀನಿ. ಮೊದಲು ಬರೋ ಕೂದಲು ಬೆಳ್ಳಗೆ ಇರಬಹುದು, ಹೆದರಬೇಡಿ, ಆಮೇಲೆ ಕಪ್ಪಾಗುತ್ತೆ.

ಇದು ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ. ಮಕ್ಕಳನ್ನು ಎತ್ತಿಕೊಳ್ಳಿ, ಮುದ್ದು ಮಾಡಿ. ನಿಮ್ಮ ಮಾವನಿಗೂ ಇದನ್ನೇ ಹೇಳಿ.

ಗಡ್ಡ ಬೋಳಿಸೋದರಿಂದ ಇದು ಬೇಗ ವಾಸಿಯಾಗೋದಿಲ್ಲ, ಇಟ್ಟುಕೊಳ್ಳೋದರಿಂದ ಹೆಚ್ಚೂ ಆಗೋದಿಲ್ಲ. ಕತ್ತಿ ಆಡೋದು ತೊಗಲಿನ ಮೇಲೆ, ತೊಂದರೆ ಇರೋದು ತೊಗಲಿನ ಕೆಳಗೆ.

ನನಗೆ ಸಿಟ್ಟು ಬಂದಿದ್ದು ಆ ಟ್ಯೂಬಿನ ಮೇಲೆ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸಾಲ್ ಅಥವಾ ಬೆಟಾಮೆಥಾಸೋನ್ ಅಂತ ಇದೆಯಾ ನೋಡಿ. ಇದ್ದರೆ ಅದು ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಟ್ಟದ್ದಲ್ಲ, ಇದೇ ರೋಗಕ್ಕೆ ಡಾಕ್ಟರ್ ಅಳತೆ ಹೇಳಿ ಕೊಡ್ತಾರೆ. ಆದರೆ ಶಿಲೀಂಧ್ರದ ಹುಳುಕಡ್ಡಿಯ ಮೇಲೆ ಅದನ್ನು ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತೆ, ಒಳಗೊಳಗೆ ರೋಗ ಹರಡುತ್ತೆ, ಕೊನೆಗೆ ಡಾಕ್ಟರಿಗೂ ಗುರುತು ಸಿಗದ ಹಾಗಾಗುತ್ತೆ. ದನ ಕಟ್ಟೋರ ಗಡ್ಡದಲ್ಲಿ ದನದಿಂದಲೇ ಬಂದ ಹುಳುಕಡ್ಡಿ ಸಾಕಷ್ಟು ನೋಡಿದ್ದೀನಿ. ಅದಕ್ಕೆ ಹಚ್ಚೋ ಮುಲಾಮು ಸಾಲದು, ಗುಳಿಗೆ ಬೇಕು. ಯಾವುದಕ್ಕೆ ಯಾವುದು ಅನ್ನೋದನ್ನು ಪರೀಕ್ಷೆ ಮಾಡಿ ಹೇಳಬೇಕು.

ಕಲಬುರಗಿಯ ಸರ್ಕಾರಿ ಜಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ತಲೆಯಲ್ಲೂ ಇಂಥ ಜಾಗ ಇದೆಯಾ ಅಂತ ಮೊದಲು ಅವ್ವನ ಕೈಯಲ್ಲಿ ನೋಡಿಸಿ. ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಗುಳಿ ಇದ್ದರೆ ಅದನ್ನೂ ತೋರಿಸಿ. ಥೈರಾಯ್ಡ್ ರಕ್ತ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ, ಇವೆರಡೂ ಜೊತೆಗಿರೋದುಂಟು. ಬೋಳು ಜಾಗಕ್ಕೆ ಸಣ್ಣ ಸೂಜಿಯಿಂದ ಟ್ರಯಾಮ್ಸಿನೊಲೋನ್ ಚುಚ್ಚೋದು ಸಾಮಾನ್ಯ ಚಿಕಿತ್ಸೆ, ನಾಲ್ಕರಿಂದ ಆರು ವಾರಕ್ಕೊಮ್ಮೆ. ಇರುವೆ ಕಚ್ಚಿದಷ್ಟು ನೋವು.

ಕತ್ತರಿ ಕಾಯಕದ ಅಣ್ಣಾರ ಮಾತಿಗೆ ಒಂದು ತಿದ್ದುಪಡಿ. ಗಡ್ಡದ ಬುಡದಲ್ಲಿ ಹೊಟ್ಟು, ತುರಿಕೆ ಇದ್ದವರು ಎಣ್ಣೆ ಹಚ್ಚಬಾರದು. ಆ ಹೊಟ್ಟಿಗೆ ಕಾರಣವಾಗೋ ಮಲಸೇಜಿಯಾ ಅನ್ನೋ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಅಂಥವರು 2 ಪರ್ಸೆಂಟ್ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಸಲ ಬುಡಕ್ಕೆ ತಾಗೋ ಹಾಗೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೀಬೇಕು. ಹೊಟ್ಟು ಇಲ್ಲದವರಿಗೆ ನಾಲ್ಕು ಹನಿ ಎಣ್ಣೆ ಒಳ್ಳೇದೇ.

ಇದನ್ನು ಓದೋ ಹುಡುಗರಿಗೆ ಇನ್ನೊಂದು ಮಾತು. ಗಡ್ಡ ಬರಲಿ ಅಂತ ಮಿನಾಕ್ಸಿಡಿಲ್ ತಂದು ಹಚ್ಚಿಕೊಳ್ತೀರಿ. ಅದು ತಲೆಗೂದಲಿಗೆ ಅಂತ ಒಪ್ಪಿಗೆ ಪಡೆದ ಔಷಧಿ. ಕೆಲವರಿಗೆ ಎದೆ ಬಡಿತ ಏರುತ್ತೆ, ತೊಗಲು ಒಣಗಿ ಸುಲಿಯುತ್ತೆ. ಮನೆಯಲ್ಲಿ ಬೆಕ್ಕಿದ್ದರೆ ನಿಮ್ಮ ಮುಖ ನೆಕ್ಕಿದರೂ ಅದರ ಜೀವಕ್ಕೆ ಅಪಾಯ. ಇಪ್ಪತ್ತಕ್ಕೆ ಗಲ್ಲ ತುಂಬಲಿಲ್ಲ ಅಂತ ಅಳಬೇಡಿ, ಎಷ್ಟೋ ಜನರಿಗೆ ಮೂವತ್ತರವರೆಗೂ ತುಂಬುತ್ತಾ ಹೋಗುತ್ತೆ.

---

ವಾಡಿ ಶಿಫ್ಟು

ಅಣ್ಣಾರ, ಎಲ್ಲರೂ ಬೋಳಿನ ಬಗ್ಗೆ ಹೇಳ್ಯಾರ, ನಾ ದೂಳಿನ ಬಗ್ಗೆ ಹೇಳ್ತೀನಿ. ನಾ ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಯಾಗ ಇದೀನಿ.

ಜರಡಿ ಮಗ್ಗಲಕ ಮಾಸ್ಕ್ ಹಾಕ್ತೀರೇನು? ಹಾಕಿದ್ರೂ ನಿಮ್ಮ ಗಡ್ಡದ ಮ್ಯಾಲ ಅದು ಕೂಡಂಗಿಲ್ಲ. ದೂಳಿನ ಮಾಸ್ಕ್ ಕೆಲಸ ಮಾಡೋದು ಅದರ ಅಂಚು ತೊಗಲಿಗೆ ಅಂಟಿಕೊಂಡಾಗ. ನಡುವ ಕೂದಲ ಬಂತಂದ್ರ ಗಾಳಿ ಬಟ್ಟಿಯೊಳಗಿಂದ ಹಾಯಂಗಿಲ್ಲ, ಸಸಾರ ದಾರಿ ಹುಡುಕಿ ಅಂಚಿನಿಂದ ಒಳಗ ಬರ್ತದ. ನಾಕು ದಿನದ ಕುರುಚಲ ಗಡ್ಡಕ್ಕೂ ಇದೇ ಹಣೇಬಾರ. ಗಡ್ಡಾನೇ ದೂಳು ತಡೀತದ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ, ಪುಪ್ಪುಸಕ್ಕ ಇಳಿಯೋ ಸಣ್ಣ ದೂಳು ಅದರಾಗ ಸಿಗಂಗಿಲ್ಲ.

ನನಗೂ ಗಡ್ಡದ ಆಸೆ ಭಾಳ ಇತ್ತು. ಪ್ಯಾಕಿಂಗ್ ಕಡೆ ಕೆಲಸ ಸಿಕ್ಕ ದಿನ ತೆಗದೆ, ಮನಿಗೆ ಬಂದು ಊಟ ಮಾಡಲಿಲ್ಲ. ಈಗ ಮೀಸಿ ಅಷ್ಟೇ ಬಿಟ್ಟೀನಿ, ಅದು ಮಾಸ್ಕಿನ ಒಳಗೇ ಕೂಡ್ತದ. ನಮ್ಮ ಶಿಫ್ಟಿನ ಹುಡುಗರು ನವೆಂಬರದಾಗ ಎಲ್ಲರೂ ಮೀಸಿ ಬಿಡ್ತೀವಿ. 2003ರಾಗ ಆಸ್ಟ್ರೇಲಿಯಾದ ಮೆಲ್ಬರ್ನದಾಗ 30 ಮಂದಿ ಸುರು ಮಾಡಿದ್ದಂತ, ಮೊವೆಂಬರ್ ಅಂತ ಹೆಸರು. ಗಂಡಸರ ಕ್ಯಾನ್ಸರ್, ಗಂಡಸರ ಮನಸಿನ ಬ್ಯಾನಿ ಬಗ್ಗೆ ಮಾತಾಡ್ಲಿ ಅಂತ ಮೀಸಿ ಬಿಡೋದು. ಹೋದ ಸಲ ಆ ನೆವದಾಗೇ ನಮ್ಮ ಹಿರಿಯ ಫಿಟ್ಟರ್ ಒಬ್ಬರು, ಉಚ್ಚಿ ಹೋಗೋವಾಗ ತ್ರಾಸ ಆಗ್ತದ ಅಂತ ಮೊದಲ ಸಲ ಬಾಯಿ ಬಿಟ್ಟು ಹೇಳಿದ್ರು. ಮರುವಾರ ಡಾಕ್ಟರಿಗೆ ತೋರಿಸ್ಯಾರ.

ಗಡ್ಡ ಇಡೋದಾದ್ರ ಜರಡಿಯಿಂದ ದೂರ ಕೂಡ್ರಿ. ಎರಡೂ ಬೇಕಂದ್ರ ಆಗಂಗಿಲ್ಲ.

---

ಜೇವರ್ಗಿ ಮಾಸ್ತರ

ಮಗಾ, ನಿನ್ನ ಬರಹ ಎರಡು ಸಲ ಓದಿದೆ. ಕಣ್ಣು ತುಂಬಿ ಬಂತು. ಆದರೂ ಒಂದು ಮಾತು ಹೇಳಬೇಕು, ತಪ್ಪು ತಿಳೀಬ್ಯಾಡ.

ನಿಮ್ಮಪ್ಪ ಶ್ರೀಶೈಲದಿಂದ ಬಂದ ಮರುದಿನ ಬೇವಿನ ಗಿಡದ ಕೆಳಗೆ ಕೂತು ತೆಗೆಸ್ತಿದ್ದ ಅಂತ ನೀನೇ ಬರೆದೀ. ಅವನ ಗಡ್ಡಕ್ಕೆ ಒಂದು ಆರಂಭ, ಒಂದು ಮುಕ್ತಾಯ ಇತ್ತು. ಮಲ್ಲಯ್ಯನಿಗೆ ಮುಡಿಪಾಗಿದ್ದು ಆ ನಡುವಿನ ದಿನಗಳು. ನೀನು ಅವನ ಗಡ್ಡ ಇಟ್ಟುಕೊಂಡಿ, ಅವನು ತೆಗೆಸ್ತಿದ್ದದ್ದನ್ನು ಇಟ್ಟುಕೊಳ್ಳಲಿಲ್ಲ. ಅಪ್ಪನಂಗೇ ನಡೀಬೇಕು ಅಂತಿದ್ದರೆ ಅದೂ ಲೆಕ್ಕಕ್ಕೆ ಬರಬೇಕು. ರೋಗದ ಸಲುವಾಗಿ ಅಲ್ಲ, ಬೀಗರ ಸಲುವಾಗಿಯೂ ಅಲ್ಲ, ಅವನ ಸಲುವಾಗಿ ವಿಚಾರ ಮಾಡು.

---

ಬೀದರ ಕೋಟೆ ಹುಡುಗ

ಭೀಮಾದಂಡಿ ಅಣ್ಣಾ, ನಾ ಬೀದರದಾಂವ. ನನ್ನ ಜೋಡಿ ಕಾಲೇಜಿನಾಗ ಓದಿದ ಸಿಖ್ ದೋಸ್ತ ಒಬ್ಬ ಇದ್ದಾನ, ಅವನ ಮನಿ ಗುರುದ್ವಾರಾ ನಾನಕ ಝಿರಾ ಕಡೆ. ಹುಟ್ಟಿದಾಗಿಂದ ಒಂದು ಕೂದಲ ಕತ್ತರಿಸಿಲ್ಲ. ಗಡ್ಡ ನೋಡ್ಕೊಳ್ಳೋದು ನಾ ಕಲಿತದ್ದು ಅವನಿಂದ.

ಮುಂಜಾನಿ ಒಂದು ಸಲ, ರಾತ್ರಿ ಮಲಗೋ ಮುಂದ ಒಂದು ಸಲ ಕಟ್ಟಿಗಿ ಹಣಿಗಿಯಿಂದ ಬಾಚ್ತಾನ. ಸುರು ಮಾಡೋದು ತುದಿಯಿಂದ, ಬುಡದಿಂದಲ್ಲ. ತುದಿ ಗಂಟು ಬಿಡಿಸಿ, ಜರಾ ಮ್ಯಾಲ ಹಿಡದು, ಮತ್ತ ಬಿಡಿಸಿ, ಹಂಗ ಏರ್ತಾನ. ಬುಡದಿಂದ ಎಳದ್ರ ಗಂಟು ಬಿಗೀತದ, ಕೂದಲ ಕೀಳ್ತಾವ. ಬ್ಯಾಸಗಿಯಾಗ ಗಡ್ಡ ಸುತ್ತಿ ಗದ್ದದ ಕೆಳಗ ಮಡಚಿ ಸಣ್ಣ ಜಾಳಗಿ ಕಟ್ತಾನ, ಬೆವರು ಕುತ್ತಿಗಿಗೆ ಅಂಟಂಗಿಲ್ಲ. ಸೌಳ ನೀರಿಗೆ ಅವರ ಮನಿ ಉಪಾಯ ಮೊಸರು. ವಾರಕ್ಕೊಂದು ಸಲ ಹಚ್ಚಿ, ಅರ್ಧ ತಾಸು ಬಿಟ್ಟು, ಕಡೀಗೆ ಒಂದು ತಂಬಿಗಿ ಕಾಯಿಸಿ ಆರಿಸಿದ ನೀರು ಹಾಕ್ತಾರ. ಕಾಯಿಸಿದ್ರ ಸೌಳಿನ ಒಂದು ಪಾಲು ತಳಕ್ಕ ಕೂಡ್ತದ, ಪಾತೇಲಿಯೊಳಗ ಬಿಳಿ ಪದರ ಕಾಣ್ತದಲ್ಲ, ಅದೇ. ಸಬಕಾರ ದಿನಾ ಬ್ಯಾಡ. ಸೌಳ ನೀರಿನಾಗ ಸಬಕಾರ ನೊರಿ ಬರಂಗಿಲ್ಲ, ಜಿಗಟ ಆಗಿ ಕೂದಲಕ್ಕ ಹತ್ಕೊಂಡು ಕೂಡ್ತದ.

ಒಂದು ದಿನ ಅವಗ ಕೇಳಿದೆ, ‘ನೀ ಕತ್ತರಿಸೋದೇ ಇಲ್ಲ, ಮತ್ತ ಎದಿತನಕ ಬಂದು ಯಾಕ ನಿಂತದ?’ ಅಂತ. ಒಂದೊಂದು ಕೂದಲಕ್ಕೂ ಬೆಳಿಯೋ ಕಾಲ ಇಷ್ಟು ಅಂತ ಇರ್ತದ, ಅದು ಮುಗಿದ ಮ್ಯಾಲ ಉದುರಿ ಅಲ್ಲೇ ಹೊಸಾದು ಹುಟ್ಟತದ, ಅದಕ್ಕ ಒಬ್ಬೊಬ್ಬರ ಗಡ್ಡ ಒಂದೊಂದು ಉದ್ದಕ್ಕ ನಿಲ್ತದ ಅಂದ. ಕೆನಡಾದ ಸರವಣ ಸಿಂಗರದು 2022ರಾಗ ಅಳದಾಗ 2.54 ಮೀಟರ್ ಇತ್ತು, ಬದುಕಿದ ಗಂಡಸರಾಗ ಅದೇ ಉದ್ದಂದು. ನಮ್ಮ ದೋಸ್ತಂದು ಎದಿತನಕ. ಇಬ್ಬರೂ ಕತ್ತರಿ ಮುಟ್ಟಿಸಿಲ್ಲ.

ಇನ್ನ ಕತ್ತರಿ ಕಾಯಕದ ಕಾಕಾಗ ಒಂದು ಸಂಗತಿ. 1699ರ ವೈಶಾಖಿ ದಿನ ಆನಂದಪುರದಾಗ ಗುರು ಗೋವಿಂದ ಸಿಂಗರು ತಲಿ ಕೇಳಿದಾಗ ಎದ್ದು ನಿಂತ ಐದು ಮಂದಿಯೊಳಗ ಒಬ್ಬರು ಭಾಯಿ ಸಾಹಿಬ ಸಿಂಗರು, ನಮ್ಮ ಬೀದರದವರು. ಸಿಖ್ಖರು ಅವರನ್ನ ಕ್ಷೌರಿಕರ ಮನಿತನದವರು ಅಂತ ನೆನಸ್ತಾರ. ಕೂದಲ ಕತ್ತರಿಸಬಾರದು ಅನ್ನೋ ಖಾಲ್ಸಾ ಪಂಥದ ಮೊದಲ ಐವರೊಳಗ ನಿಮ್ಮ ಕಾಯಕದ ಮನಿಯವರು ಒಬ್ಬರು, ಅದೂ ನಮ್ಮ ಸೀಮಿಯವರು. ನನಗ ಇದು ಗೊತ್ತಾದ ದಿನ ಝಿರಾದ ಕುಂಡದ ಮುಂದ ಭಾಳ ಹೊತ್ತು ಕೂತಿದ್ದೆ.

---

ಕತ್ತರಿ ಕಾಯಕ

ಬೀದರ ತಮ್ಮಾ, ಇದು ನನಗ ಗೊತ್ತಿದ್ದಿಲ್ಲ. ಸಂಜಿಮುಂದ ದುಕಾನದಾಗ ಎಲ್ಲರಿಗೂ ಓದಿ ಹೇಳಿದೆ. ನನ್ನ ಮಗ ಈ ಕೆಲಸ ಬ್ಯಾಡ ಅಂತಾನ, ಅವಗ ಎರಡು ಸಲ ಓದಿ ಹೇಳಿದೆ. ಸಿಸ್ಟರ್ ಹೇಳಿದ ಎಣ್ಣಿ ಮಾತೂ ಒಪ್ಕೊಂಡೀನಿ. ಇನ್ನ ಮ್ಯಾಲ ಬುಡ ನೋಡಿ ಆಮ್ಯಾಲ ಹಚ್ತೀನಿ.

---

ಭೀಮಾದಂಡಿ

ಎಲ್ಲರಿಗೂ ಕೈ ಮುಗೀತೀನಿ. ಯುಗಾದಿ ಮುಗದು ಮೊನ್ನಿ ತಿರುಗಿ ಬಂದೀನಿ, ಅದಕ್ಕ ತಡಾ ಆತು.

ಸಿಸ್ಟರ್ ಹೇಳಿದಂಗ ದವಾಖಾನಿಗೆ ಹೋಗಿದ್ದೆ. ಭೂತಗನ್ನಡಿ ಹಿಡದು ನೋಡಿದ್ರು, ಅದೇ ರೋಗ ಅಂದ್ರು. ಟ್ಯೂಬಿನ ಹಿಂದ ಕ್ಲೋಬೆಟಾಸಾಲ್ ಅಂತಾನೇ ಇತ್ತು, ಜೋಡಿ ಮತ್ತೆರಡು ಔಷಧಿ ಕೂಡಿಸಿದ್ರು. ಥೈರಾಯ್ಡ್ ಸರಿ ಅದ. ಶಿವರಾತ್ರಿ ಮುಂಚೆ ಒಂದು ಸಲ ಚುಚ್ಚ್ಯಾರ, ನಿನ್ನೆ ಎರಡನೇ ಸಲ. ತಲಿಯಾಗ ಅವ್ವ ಎಣ್ಣಿ ಹಚ್ಚೋ ನೆವದಾಗ ಪೂರ್ತಿ ಹುಡುಕಿದಳು, ಎಲ್ಲೂ ಇಲ್ಲ. ಸಣ್ಣ ಹುಡುಗ ಇದ್ದಾಗಿನಿಂದ ಅಷ್ಟು ಹೊತ್ತು ಅವಳ ಮುಂದ ತಲಿ ಬಗ್ಗಿಸಿ ಕೂತಿದ್ದಿಲ್ಲ. ಹುಡುಕೋವಾಗೇ ಅಂದಳು, ‘ನಿಮ್ಮಪ್ಪ ತೆಗಿಸಿದ ದಿನ ನೀ ಅಷ್ಟೇ ಅಳತಿದ್ದಿಲ್ಲ.’ ಮುಂದ ಏನೂ ಹೇಳಲಿಲ್ಲ.

ವಾಡಿ ಅಣ್ಣಾ, ನಿಮ್ಮ ಮಾತು ಮಾಲಕರಿಗೆ ಹೇಳಿದೆ. ತೂಕದ ಟೇಬಲ್ ಜರಡಿ ಕಡೀಂದ ಎತ್ತಿ ಗೇಟಿನ ಕಡೆ ಹಾಕ್ಯಾರ. ದಿನಕ್ಕ ಎರಡು ಸಲ ಒಳಗ ಹೋಗಲೇಬೇಕು, ಅದು ತಪ್ಪಿಲ್ಲ. ಜರಡಿ ನಿಂತಾಗ ಹೋಗ್ತೀನಿ. ನೀವು ಹೇಳಿದಂಗ ಎರಡೂ ಪೂರ್ತಿ ಸಿಗಂಗಿಲ್ಲ ಅನ್ನೋದು ಗೊತ್ತಾಗೇದ. ಮಿಲ್ಲಿನಾಗ ದೂಳು ಹೆಚ್ಚಾದ್ರ ತೆಗೀತೀನಿ, ಆ ಮಾತು ಅವ್ವಗ ಕೊಟ್ಟೀನಿ.

ಮಾಸ್ತರ, ನಿಮ್ಮ ಮಾತಿಗೆ ಉತ್ತರ ಹುಡುಕಲಾಕ ಶ್ರೀಶೈಲತನಕ ನಡೀಬೇಕಾತು. ದಾರಿ ಪೂರಾ ಅದೇ ವಿಚಾರ. ಅಪ್ಪ ತೆಗಿಸ್ತಿದ್ದ, ಖರೇ. ಅವನ ಗಡ್ಡ ಮಲ್ಲಯ್ಯಂದು. ನಂದು ಮಲ್ಲಯ್ಯಂದಲ್ಲ ಅಂತ ಪಾತಾಳಗಂಗಿ ಮೆಟ್ಟಲ ಇಳಿಯೋವಾಗ ತಿಳೀತು. ನಂದು ಅಪ್ಪಂದು. ಹರಕಿ ಅಂತ ನಾ ಇಟ್ಟಿದ್ದಿಲ್ಲ, ಅದಕ್ಕ ಮುಗಿಸೋ ದಿನಾನೂ ನನಗ ಸಿಗವಲ್ದು. ನೀವು ಹೇಳಿದ್ದನ್ನ ಬಿಟ್ಟಿಲ್ಲ. ಬಂದ ಮರುದಿನ ಅದೇ ಬೇವಿನ ಗಿಡದ ಕೆಳಗ ಅದೇ ಹೊತ್ತಿಗೆ ಕೂತೆ. ತೆಗಿಸಲಿಲ್ಲ. ಬಾಚ್ಕೊಂಡೆ.

ಬೀದರ ತಮ್ಮಾ, ತುದಿಯಿಂದ ಬಾಚೋದು ಸುರು ಮಾಡೀನಿ. ಹಣಿಗಿಗೆ ಬರೋ ಕೂದಲ ಅರ್ಧಕ್ಕರ್ಧ ಕಡಿಮಿ ಆಗ್ಯಾವ. ಕಾಯಿಸಿದ ನೀರಿಂದೂ ಫರಕ ಅದ, ಮೊದಲಿನಂಗ ಕೈಗೆ ಒರಟ ಹತ್ತಂಗಿಲ್ಲ.

ಬೋಳು ಜಾಗಾದ ನಡುವ ನಾಕೈದು ಬೆಳ್ಳನ ಕೂದಲ ಬಂದಾವ, ಕುಸುಬಿ ಮುಳ್ಳಿನಷ್ಟು. ಬಿಸಲಿಗೆ ಹಿಡದ್ರ ಅಷ್ಟೇ ಕಾಣ್ತಾವ. ತಂಗಿ ಮೊಬೈಲಿನಾಗ ದೊಡ್ಡದು ಮಾಡಿ ಎಣಿಸಿ ಮಾವಗ ಫೋಟೊ ಕಳಿಸ್ಯಾಳ.

ಕಾಕಾ, ಲಗ್ನದ ಮುಂಚಿನ ದಿನ ದುಕಾನ ತೆರದಿರ್ತದೇನು? ಮಂಗಳವಾರ ಬಂದ್ರ ಅದಕ್ಕೂ ಒಂದು ದಿನ ಮುಂಚೆ ಬರ್ತೀನಿ. ನೀವು ಹೇಳಿದಂಗ ಗಲ್ಲ ಸಣ್ಣ, ಗದ್ದ ಉದ್ದ. ಹಣಿಗಿ ನಂದೇ ತರ್ತೀನಿ.

---

ಕತ್ತರಿ ಕಾಯಕ

ಮುಂಜಾನಿ ಏಳಕ್ಕ ಬಾ, ಗಿರಾಕಿ ಬರೋದ್ರೊಳಗ. ಗಡ್ಡ ತೊಳಕೊಂಡು ಒಣಗಿಸ್ಕೊಂಡು ಬಾ.